ಚಕ್ರವ್ಯೂಹ ಮತ್ತು ಬರ್ಲಿನ್ ರಾತ್ರಿ

ಜೂನ್ ತಿಂಗಳ ಒಂದು ಭಾನುವಾರ, ಬೆಳಗಿನ ಜಾವ ಎರಡೂವರೆ ಗಂಟೆ. ಬೆಂಗಳೂರಿನ ಒಂದು ಮನೆಯಲ್ಲಿ ತಂದೆಗೆ ಎಚ್ಚರವಾಗುತ್ತದೆ. ಮತ್ತೆ ನಿದ್ದೆ ಹತ್ತುವುದಿಲ್ಲ. ವಾಸ್ತುಶಿಲ್ಪ ಓದಲು ಬರ್ಲಿನ್‌ಗೆ ಹೋಗಿರುವ ಮಗಳಿಗೆ ಫೋನು ಮಾಡುತ್ತಾರೆ. ಬೇಸಿಗೆಯ ತಿಂಗಳುಗಳಲ್ಲಿ ಬರ್ಲಿನ್ ಗಡಿಯಾರ ಭಾರತಕ್ಕಿಂತ ಮೂರೂವರೆ ಗಂಟೆ ಹಿಂದೆ. ಅಲ್ಲಿನ್ನೂ ಶನಿವಾರ ರಾತ್ರಿ ಹನ್ನೊಂದು.

‘ಮಲಗಿದ್ಯೇನಮ್ಮಾ?’

‘ಇಲ್ಲಪ್ಪ, ಈಗ ಹೊರಡ್ತಾ ಇದೀವಿ.’

‘ಈ ಹೊತ್ತಿನಲ್ಲಾ? ಎಲ್ಲಿಗೆ?’

ಮಗಳು ಒಂದು ಕ್ಷಣ ಸುಮ್ಮನಾಗುತ್ತಾಳೆ. ‘ಹೀಗೇ, ಫ್ರೆಂಡ್ಸ್ ಜೊತೆ’ ಎನ್ನುತ್ತಾಳೆ. ಫೋನು ಇಟ್ಟ ಮೇಲೆ ತಂದೆ ಬೆಳಗಾಗುವವರೆಗೆ ಹಜಾರದಲ್ಲಿ ಕುಳಿತೇ ಇರುತ್ತಾರೆ.

ಮಗಳು ಸುಳ್ಳು ಹೇಳಲಿಲ್ಲ. ಆದರೆ ಪೂರ್ತಿ ನಿಜವನ್ನೂ ಹೇಳಲಿಲ್ಲ. ಹಳೆಯ ವಿದ್ಯುತ್ ಸ್ಥಾವರವೊಂದು ಸಂಗೀತದ ಸಭಾಂಗಣವಾಗಿದೆ, ಅದನ್ನು ನೋಡಲು, ಕೇಳಲು, ಕುಣಿಯಲು ಹೋಗುತ್ತಿದ್ದೇವೆ ಎಂದು ಅಪ್ಪನಿಗೆ ಹೇಗೆ ವಿವರಿಸುವುದು? ಅತ್ತ ತಂದೆಯ ಕಣ್ಣಿಗೆ ಕಾಣುವುದು ಕೆಂಪು ದೀಪ, ಹೊಗೆ, ಬಾಟಲಿ ಮತ್ತು ಬ್ಯಾಂಕಿನಿಂದ ತೆಗೆದ ಶಿಕ್ಷಣ ಸಾಲ. ತಮಾಷೆಯೆಂದರೆ ಕುಂದಾಪುರದ ಕಡೆಯ ಈ ತಂದೆ ಚಿಕ್ಕಂದಿನಲ್ಲಿ ಮೇಳದ ಆಟ ನೋಡಲು ಗದ್ದೆಯ ಬದುವಿನ ಮೇಲೆ ಮೈಲಿಗಟ್ಟಲೆ ನಡೆದು, ಇಡೀ ರಾತ್ರಿ ಎಚ್ಚರವಿದ್ದು, ಬೆಳಿಗ್ಗೆ ತರಗತಿಯಲ್ಲಿ ತೂಕಡಿಸಿ ಮೇಷ್ಟರಿಂದ ಪೆಟ್ಟು ತಿಂದವರೇ. ‘ಅಭಿಮನ್ಯು ಕಾಳಗ’ ನೋಡಿದ ರಾತ್ರಿ ಅವರಿಗೆ ಇಂದಿಗೂ ನೆನಪಿದೆ.

ಹೊರದೇಶದಲ್ಲಿ ವಾಸ್ತುಶಿಲ್ಪ ಓದಬೇಕೆನ್ನುವ ವಿದ್ಯಾರ್ಥಿಗಳೂ ಅವರನ್ನು ಕಳುಹಿಸುವ ತಂದೆತಾಯಿಯರೂ ಶುಲ್ಕ, ವೀಸಾ, ಹಾಸ್ಟೆಲುಗಳ ಬಗ್ಗೆ ಗಂಟೆಗಟ್ಟಲೆ ಮಾತನಾಡುತ್ತಾರೆ. ಸಂಜೆ ಆರರಿಂದ ಬೆಳಗಿನ ಆರರವರೆಗಿನ ಹನ್ನೆರಡು ಗಂಟೆಗಳ ಬಗ್ಗೆ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ಬೇರೆ ವಿಷಯ ಓದುವವರಿಗೆ ರಾತ್ರಿ ಪಠ್ಯದ ಹೊರಗಿನ ಸಂಗತಿಯಾಗಿರಬಹುದು. ವಾಸ್ತುಶಿಲ್ಪ ಓದುವವರಿಗೆ, ಅದರಲ್ಲೂ ಬರ್ಲಿನ್‌ನಲ್ಲಿ ಓದುವವರಿಗೆ, ಅದು ಹಾಗಲ್ಲ.

ಬರ್ಲಿನ್‌ನಿಂದ ಮೈಸೂರು ಸಂಸ್ಥಾನಕ್ಕೆ

ಬರ್ಲಿನ್‌ನ ವಾಸ್ತುಶಿಲ್ಪ ಶಿಕ್ಷಣಕ್ಕೆ ಎರಡು ಶತಮಾನಗಳಿಗೂ ಮೀರಿದ ಚರಿತ್ರೆಯಿದೆ. 1799ರಲ್ಲಿ ಅಲ್ಲಿ ‘ಬೌಅಕಾಡೆಮಿ’ ಎಂಬ ಕಟ್ಟಡ ವಿದ್ಯೆಯ ಶಾಲೆ ಹುಟ್ಟಿತು. 1879ರಲ್ಲಿ ಅದು ಇನ್ನೊಂದು ಶಾಲೆಯೊಡನೆ ಸೇರಿ ತಾಂತ್ರಿಕ ಉನ್ನತ ವಿದ್ಯಾಲಯವಾಯಿತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1946ರಲ್ಲಿ, ಬರ್ಲಿನ್ ತಾಂತ್ರಿಕ ವಿಶ್ವವಿದ್ಯಾಲಯ ಎಂಬ ಹೆಸರು ಪಡೆಯಿತು.

ಈ ಶಾಲೆಯಲ್ಲಿ ಓದಿದ ಒಬ್ಬರ ಕೆಲಸವನ್ನು ನೋಡಲು ಕನ್ನಡಿಗರು ಜರ್ಮನಿಗೆ ಹೋಗಬೇಕಾಗಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣಕ್ಕೆ ಹೋದರೆ ಸಾಕು. 1908ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದ ಒಟ್ಟೊ ಕೋನಿಗ್ಸ್‌ಬರ್ಗರ್ ಅಲ್ಲೇ ವಾಸ್ತುಶಿಲ್ಪ ಕಲಿತರು. 1933ರಲ್ಲಿ ನಾಜಿಗಳು ಅಧಿಕಾರಕ್ಕೆ ಬಂದಾಗ, ಯಹೂದಿ ಮೂಲದವರೆಂಬ ಕಾರಣಕ್ಕೆ ಅವರ ಸರ್ಕಾರಿ ಕೆಲಸ ಹೋಯಿತು. ದೇಶ ಬಿಟ್ಟು ಅಲೆದ ಅವರು 1939ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿ ಬಂದರು. ವಿಜ್ಞಾನ ಸಂಸ್ಥೆಯ ಕೆಲವು ಕಟ್ಟಡಗಳು ಅವರ ವಿನ್ಯಾಸ. 1948ರಲ್ಲಿ ಭುವನೇಶ್ವರ ನಗರದ ಯೋಜನೆ ಬರೆದವರೂ ಅವರೇ. ಕ್ವಾಂಟಮ್ ಸಿದ್ಧಾಂತದ ಮ್ಯಾಕ್ಸ್ ಬಾರ್ನ್ ಇವರ ಸೋದರಮಾವ. ಬಾರ್ನ್ ಕೂಡ 1935-36ರಲ್ಲಿ ಸಿ.ವಿ. ರಾಮನ್ ಅವರ ಆಹ್ವಾನದ ಮೇಲೆ ಇದೇ ಸಂಸ್ಥೆಯಲ್ಲಿ ಕೆಲವು ತಿಂಗಳು ಇದ್ದರು.

ಬರ್ಲಿನ್‌ನ ಚಳಿಯಲ್ಲಿ ಕಲಿತ ಕೋನಿಗ್ಸ್‌ಬರ್ಗರ್ ಇಲ್ಲಿಯ ಬಿಸಿಲು, ಗಾಳಿ, ಮಳೆಗಳನ್ನು ಹೊಸದಾಗಿ ಓದಬೇಕಾಯಿತು. ಆ ಓದಿನ ಫಲವಾಗಿ ಮುಂದೆ ಲಂಡನ್‌ನಲ್ಲಿ ಉಷ್ಣವಲಯದ ವಾಸ್ತುಶಿಲ್ಪವನ್ನೇ ಪಾಠ ಹೇಳಿದರು. ಹೊರದೇಶಕ್ಕೆ ಹೋದವರು ಆ ಊರನ್ನು ಕಣ್ಣು ಬಿಟ್ಟು ನೋಡಬೇಕು. ಇದು ಅಲ್ಲಿಂದ ಇಲ್ಲಿಗೆ ಬಂದವರಿಗೂ ನಿಜ, ಇಲ್ಲಿಂದ ಅಲ್ಲಿಗೆ ಹೋಗುವವರಿಗೂ ನಿಜ.

ಹೊರಡುವ ಮೊದಲು

ರಾತ್ರಿಯ ಮಾತಿಗೆ ಮುನ್ನ ಹಗಲಿನ ಕೆಲವು ಮಾತು. ಭಾರತದಲ್ಲಿ ಬಿ.ಆರ್ಕ್. ಐದು ವರ್ಷದ ಓದು. ಬರ್ಲಿನ್‌ನಲ್ಲಿ ಪದವಿ ಮೂರು ವರ್ಷ, ಸ್ನಾತಕೋತ್ತರ ಎರಡು ವರ್ಷ. ಪದವಿಯ ಪಾಠ ಬಹುಮಟ್ಟಿಗೆ ಜರ್ಮನ್ ಭಾಷೆಯಲ್ಲೇ ನಡೆಯುತ್ತದೆ. ಆದ್ದರಿಂದ ಇಲ್ಲಿಂದ ಹೋಗುವ ಹೆಚ್ಚಿನವರು ಇಲ್ಲೇ ಬಿ.ಆರ್ಕ್. ಮುಗಿಸಿ, ಅಲ್ಲಿ ಸ್ನಾತಕೋತ್ತರಕ್ಕೆ ಸೇರುವುದು ವಾಡಿಕೆ. ಇದರಲ್ಲಿ ಇನ್ನೊಂದು ಅನುಕೂಲವಿದೆ. 1972ರ ವಾಸ್ತುಶಿಲ್ಪಿಗಳ ಕಾಯಿದೆಯ ಪ್ರಕಾರ, ಮಾನ್ಯತೆ ಪಡೆದ ವಿದ್ಯಾರ್ಹತೆಯಿದ್ದು ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಾಯಿಸಿಕೊಂಡವರು ಮಾತ್ರ ಭಾರತದಲ್ಲಿ ‘ಆರ್ಕಿಟೆಕ್ಟ್’ ಎಂದು ಹೆಸರಿನ ಮುಂದೆ ಹಾಕಿಕೊಳ್ಳಬಹುದು. ಮೊದಲ ಪದವಿಯನ್ನೇ ಹೊರಗೆ ಪಡೆಯುವವರು ಆ ಪದವಿಗೆ ಇಲ್ಲಿ ಮಾನ್ಯತೆ ಇದೆಯೇ ಎಂದು ಕೌನ್ಸಿಲ್‌ನಿಂದ ಬರವಣಿಗೆಯಲ್ಲಿ ತಿಳಿದುಕೊಂಡೇ ಟಿಕೆಟ್ ಕೊಳ್ಳಬೇಕು. ಜರ್ಮನಿಯಲ್ಲೂ ಆ ಹೆಸರು ಕಾನೂನಿನ ರಕ್ಷಣೆಯಲ್ಲಿದೆ. ಓದು ಮುಗಿಸಿ, ಕೆಲವು ವರ್ಷ ಕೆಲಸ ಮಾಡಿ, ಅಲ್ಲಿಯ ವಾಸ್ತುಶಿಲ್ಪಿಗಳ ಮಂಡಳಿಯಲ್ಲಿ ಹೆಸರು ಬರೆಸಿದ ಮೇಲಷ್ಟೇ ಅದನ್ನು ಬಳಸಬಹುದು.

ಬರ್ಲಿನ್‌ನ ಸರ್ಕಾರಿ ವಿಶ್ವವಿದ್ಯಾಲಯಗಳ ಸಾಮಾನ್ಯ ತರಗತಿಗಳಿಗೆ ಬೋಧನಾ ಶುಲ್ಕವಿಲ್ಲ. ಪ್ರತಿ ಸೆಮಿಸ್ಟರಿಗೆ ಕೆಲವು ನೂರು ಯೂರೊಗಳ ವಂತಿಗೆ ಇರುತ್ತದೆ. ಆದರೆ ಶುಲ್ಕವಿಲ್ಲ ಎಂದರೆ ಖರ್ಚಿಲ್ಲ ಎಂದಲ್ಲ. ವಿದ್ಯಾರ್ಥಿ ವೀಸಾ ಬೇಕಾದರೆ ಒಂದು ವರ್ಷದ ಜೀವನ ವೆಚ್ಚವನ್ನು ಮೊದಲೇ ವಿಶೇಷ ಖಾತೆಯಲ್ಲಿ ಇಟ್ಟು ತೋರಿಸಬೇಕು. 2024ರ ಸೆಪ್ಟೆಂಬರಿನಲ್ಲಿ ಈ ಮೊತ್ತವನ್ನು 11,904 ಯೂರೊಗಳಿಗೆ ಏರಿಸಲಾಯಿತು. ತಿಂಗಳಿಗೆ 992 ಯೂರೊ ಮಾತ್ರ ಕೈಗೆ ಬರುತ್ತದೆ. ಈ ಅಂಕಿಯನ್ನು ನೆನಪಿನಲ್ಲಿಡಿ. ರಾತ್ರಿಯ ಲೆಕ್ಕಕ್ಕೆ ಬೇಕಾಗುತ್ತದೆ.

ಬಾಗಿಲು ಹಾಕದ ಊರು

ಬರ್ಲಿನ್‌ನ ರಾತ್ರಿ ಹೀಗೇಕೆ ಎಂಬುದಕ್ಕೆ ಚರಿತ್ರೆಯಲ್ಲಿ ಉತ್ತರವಿದೆ. ಯುದ್ಧಾನಂತರ ನಗರ ನಾಲ್ಕು ವಿಜೇತ ರಾಷ್ಟ್ರಗಳ ಕೈಯಲ್ಲಿ ಹಂಚಿಹೋಗಿದ್ದಾಗ, 1949ರಲ್ಲಿ, ಪಶ್ಚಿಮ ಬರ್ಲಿನ್‌ನಲ್ಲಿ ಪಾನಗೃಹಗಳನ್ನು ಇಷ್ಟು ಗಂಟೆಗೆ ಮುಚ್ಚಬೇಕೆಂಬ ನಿಯಮವನ್ನು ತೆಗೆದುಹಾಕಿದರು. ಅಂದಿನಿಂದ ಅಲ್ಲಿ ರಾತ್ರಿಗೆ ಕೊನೆಯ ಗಂಟೆ ಎಂಬುದಿಲ್ಲ.

ಎರಡನೆಯ ತಿರುವು 1989ರ ನವೆಂಬರ್ 9ರಂದು. ನಗರವನ್ನು ಇಪ್ಪತ್ತೆಂಟು ವರ್ಷ ಸೀಳಿದ್ದ ಗೋಡೆ ಅಂದು ತೆರೆಯಿತು. ಪೂರ್ವ ಭಾಗದಲ್ಲಿ ಕಾರ್ಖಾನೆಗಳು, ಗೋದಾಮುಗಳು, ನೆಲಮಾಳಿಗೆಗಳು ಖಾಲಿ ಬಿದ್ದಿದ್ದವು. ಯಾರ ಆಸ್ತಿ ಯಾರದೆಂದು ತೀರ್ಮಾನವಾಗಲು ವರ್ಷಗಳು ಬೇಕಿದ್ದವು. ಆ ಸಂಧಿಕಾಲದಲ್ಲಿ ಎರಡೂ ಕಡೆಯ ಹುಡುಗರು ಹುಡುಗಿಯರು ಸ್ಪೀಕರುಗಳನ್ನು ಹೊತ್ತು ಆ ಕಟ್ಟಡಗಳಿಗೆ ನುಗ್ಗಿದರು. ಗೋಡೆಯ ಎರಡು ಬದಿಗಳಲ್ಲಿ ಬೆಳೆದಿದ್ದ ಎರಡು ಅರ್ಧಗಳ ಯುವಜನ ಮೊದಲು ಕಲೆತದ್ದು ಇಂಥ ಕತ್ತಲ ಕೋಣೆಗಳಲ್ಲಿ.

1991ರ ಮಾರ್ಚ್‌ನಲ್ಲಿ ತೆರೆದ ‘ಟ್ರೆಸೋರ್’ ಅಂಥದೊಂದು. ಜರ್ಮನ್‌ನಲ್ಲಿ ಟ್ರೆಸೋರ್ ಎಂದರೆ ತಿಜೋರಿ. ಹೆಸರು ಸುಮ್ಮನೆ ಇಟ್ಟದ್ದಲ್ಲ. ವೆರ್ಟ್‌ಹೈಮ್ ಎಂಬ ಯಹೂದಿ ಮೂಲದ ಕುಟುಂಬ ಕಟ್ಟಿಸಿದ ಬೃಹತ್ ಮಳಿಗೆಯ ನೆಲದಡಿಯ ತಿಜೋರಿ ಕೋಣೆ ಅದು. ನಾಜಿಗಳ ಕಾಲದಲ್ಲಿ ಮಳಿಗೆ ಆ ಕುಟುಂಬದ ಕೈತಪ್ಪಿತು. ಯುದ್ಧದಲ್ಲಿ ಕಟ್ಟಡ ಹಾಳಾಯಿತು, ಆಮೇಲೆ ಅಳಿದುಳಿದದ್ದನ್ನೂ ಕೆಡವಿದರು. ನೆಲದಡಿಯ ಉಕ್ಕಿನ ಬಾಗಿಲು, ತುಕ್ಕು ಹಿಡಿದ ಲಾಕರುಗಳು ಮಾತ್ರ ಉಳಿದಿದ್ದವು. 2005ರಲ್ಲಿ ಆ ಜಾಗ ಬಿಡಬೇಕಾಗಿ ಬಂದು, 2007ರಲ್ಲಿ ಟ್ರೆಸೋರ್ ಹಳೆಯ ವಿದ್ಯುತ್ ಸ್ಥಾವರವೊಂದಕ್ಕೆ ಸ್ಥಳಾಂತರವಾಯಿತು. ಇನ್ನೊಂದು ಪ್ರಸಿದ್ಧ ಕ್ಲಬ್ಬು ‘ಬರ್ಗ್‌ಹೈನ್’. ಅದು 2004ರಿಂದ ನಡೆಯುತ್ತಿರುವುದೂ 1950ರ ದಶಕದ ಉಷ್ಣ ವಿದ್ಯುತ್ ಸ್ಥಾವರವೊಂದರಲ್ಲಿ.

ಇವೆಲ್ಲ ಕುಡಿತ ಕುಣಿತದ ಅಡ್ಡೆಗಳೇ ಅಥವಾ ಸಂಸ್ಕೃತಿಯ ಭಾಗವೇ ಎಂಬ ಚರ್ಚೆ ಅಲ್ಲೂ ನಡೆದಿದೆ. 2016ರಲ್ಲಿ ನ್ಯಾಯಾಲಯವೊಂದು ಬರ್ಗ್‌ಹೈನ್‌ನ ಕಾರ್ಯಕ್ರಮಗಳನ್ನು ಸಂಗೀತ ಕಛೇರಿಗಳಂತೆ ಪರಿಗಣಿಸಿ, ಶೇಕಡಾ 19ರ ಬದಲು ಶೇಕಡಾ 7ರ ತೆರಿಗೆ ಸಾಕೆಂದಿತು. 2021ರಲ್ಲಿ ಜರ್ಮನಿಯ ಸಂಸತ್ತು ಕ್ಲಬ್ಬುಗಳನ್ನು ಕಟ್ಟಡ ಕಾನೂನಿನಲ್ಲಿ ಸಾಂಸ್ಕೃತಿಕ ಸ್ಥಳಗಳೆಂದು ಗಣಿಸಬೇಕೆಂಬ ನಿರ್ಣಯ ಮಾಡಿತು. 2024ರಲ್ಲಿ ಬರ್ಲಿನ್‌ನ ಟೆಕ್ನೊ ಸಂಗೀತ ಸಂಸ್ಕೃತಿಯನ್ನು ದೇಶದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದರು. ಬಾಡಿಗೆ ಏರಿ ಕ್ಲಬ್ಬುಗಳು ಮುಚ್ಚುತ್ತಿರುವುದೂ ಅಷ್ಟೇ ನಿಜ. ಸ್ಪ್ರೇ ನದಿಯ ದಂಡೆಯ ‘ವಾಟರ್‌ಗೇಟ್’ 2024ರ ಕೊನೆಗೆ ಬಾಗಿಲು ಹಾಕಿತು.

ಕತ್ತಲೆಯಲ್ಲಿ ಓದುವ ಪಾಠ

ಹಾಗಾದರೆ ವಾಸ್ತುಶಿಲ್ಪದ ವಿದ್ಯಾರ್ಥಿ ಅಲ್ಲಿ ಕಲಿಯುವುದೇನು?

ಮೊದಲನೆಯದು, ಹಳೆಯದನ್ನು ಕೆಡವದೆ ಬಳಸುವ ವಿದ್ಯೆ. ಸಿಮೆಂಟು ಉಕ್ಕುಗಳನ್ನು ತಯಾರಿಸಲು ಅಪಾರ ಶಾಖ ಬೇಕು. ಸುಣ್ಣದ ಕಲ್ಲು ಸುಟ್ಟು ಸಿಮೆಂಟಾಗುವಾಗ ಕಲ್ಲಿನೊಳಗಿನ ಇಂಗಾಲದ ಡೈಆಕ್ಸೈಡೂ ಹೊರಬೀಳುತ್ತದೆ. ನಿಂತಿರುವ ಕಟ್ಟಡವೊಂದನ್ನು ಉಳಿಸಿಕೊಂಡರೆ ಆ ಸುಡುವಿಕೆಯಷ್ಟೂ ಉಳಿಯುತ್ತದೆ. ಟರ್ಬೈನುಗಳಿಗಾಗಿ ಕಟ್ಟಿದ ಎತ್ತರದ ಸಭಾಂಗಣ ನೃತ್ಯಕ್ಕೆ ಒಗ್ಗಿದ್ದು ಹೇಗೆ, ಕಂಬಗಳನ್ನು ಎಲ್ಲಿ ಮುಟ್ಟದೆ ಬಿಟ್ಟರು, ಮೆಟ್ಟಿಲನ್ನು ಎಲ್ಲಿ ಹೊಸದಾಗಿ ಸೇರಿಸಿದರು ಎಂಬುದು ಪುಸ್ತಕದ ಚಿತ್ರದಿಂದ ತಿಳಿಯುವುದಿಲ್ಲ. ಅಲ್ಲಿ ನಡೆದಾಡಬೇಕು.

ಎರಡನೆಯದು ಶಬ್ದ. ನೆಲಮಾಳಿಗೆಯ ತಿಜೋರಿ ಕೋಣೆ ಸಂಗೀತಕ್ಕೆ ಏಕೆ ಒದಗಿತು? ಕಳ್ಳರನ್ನು ತಡೆಯಲು ಕಟ್ಟಿದ ದಪ್ಪ ಕಾಂಕ್ರೀಟು ಗೋಡೆ ಶಬ್ದವನ್ನೂ ತಡೆಯುತ್ತದೆ. ಗೋಡೆಯ ತೂಕ ಹೆಚ್ಚಿದಷ್ಟೂ ಅದನ್ನು ಅಲುಗಾಡಿಸುವುದು ಶಬ್ದದ ಅಲೆಗಳಿಗೆ ಕಷ್ಟ. ಕೊಳಲಿನಂಥ ಹೆಚ್ಚು ಕಂಪನಾಂಕದ ಸ್ವರ ತೆಳು ಗೋಡೆಗೂ ಸೋಲುತ್ತದೆ. ಡ್ರಮ್ಮಿನಂಥ ಕಡಿಮೆ ಕಂಪನಾಂಕದ ಸದ್ದು ಸಾಧಾರಣ ಗೋಡೆಯನ್ನು ದಾಟಿ ನೆರೆಯವನ ನಿದ್ದೆ ಕೆಡಿಸುತ್ತದೆ. ರಾತ್ರಿ ಹತ್ತರ ಮೇಲೆ ವಸತಿ ಪ್ರದೇಶಗಳಲ್ಲಿ ಮೌನ ಪಾಲಿಸಬೇಕೆಂಬ ನಿಯಮವೂ ಅದೇ ಬರ್ಲಿನ್‌ನಲ್ಲಿ ಇದೆ. ಒಂದೇ ಬೀದಿಯಲ್ಲಿ ಕುಣಿಯುವವರೂ ಮಲಗುವವರೂ ಇರಬೇಕಾದರೆ, ನಡುವೆ ನಿಲ್ಲಬೇಕಾದವನು ವಾಸ್ತುಶಿಲ್ಪಿ.

ಮೂರನೆಯದು ಬೆಳಕು. ಹಗಲಿನಲ್ಲಿ ಸೂರ್ಯ ಎಲ್ಲ ಕಟ್ಟಡಗಳಿಗೂ ಬೆಳಕು ಕೊಡುತ್ತಾನೆ. ರಾತ್ರಿಯಲ್ಲಿ ಯಾವುದು ಕಾಣಬೇಕು, ಯಾವುದು ಕಾಣಬಾರದು ಎಂದು ಮನುಷ್ಯ ತೀರ್ಮಾನಿಸಿರುತ್ತಾನೆ. ಜರ್ಮನ್ ಸಂಸತ್ ಭವನ ರೈಖ್‌ಸ್ಟಾಗ್ ಮೇಲೆ ನಾರ್ಮನ್ ಫಾಸ್ಟರ್ ರಚಿಸಿ 1999ರಲ್ಲಿ ತೆರೆದ ಗಾಜಿನ ಗುಮ್ಮಟ ಇದಕ್ಕೆ ಒಳ್ಳೆಯ ಪಾಠ. ಅದರ ನಡುವಿನ ಶಂಕುವಿಗೆ 360 ಕನ್ನಡಿಗಳು. ಹಗಲಲ್ಲಿ ಅವು ಆಕಾಶದ ಬೆಳಕನ್ನು ಕೆಳಗಿನ ಸಭೆಗೆ ಇಳಿಸುತ್ತವೆ. ರಾತ್ರಿ ಕೆಳಗಿನ ದೀಪಗಳ ಬೆಳಕು ಅದೇ ಕನ್ನಡಿಗಳಿಂದ ಹೊರಗೆ ಚೆಲ್ಲಿ ಗುಮ್ಮಟವೇ ಲಾಂದ್ರವಾಗುತ್ತದೆ. ಮೊದಲೇ ಹೆಸರು ನೋಂದಾಯಿಸಿದರೆ ಪ್ರವೇಶಕ್ಕೆ ಹಣವಿಲ್ಲ, ಮಧ್ಯರಾತ್ರಿಯವರೆಗೂ ತೆರೆದಿರುತ್ತದೆ. ಬರ್ಲಿನ್‌ನ ‘ನೈಟ್ ಲೈಫ್’ ಎಂದರೆ ಇದೂ ಹೌದು. 1997ರಲ್ಲಿ ಅಲ್ಲಿ ಆರಂಭವಾದ ‘ವಸ್ತುಸಂಗ್ರಹಾಲಯಗಳ ದೀರ್ಘ ರಾತ್ರಿ’ಯೂ ಹೌದು. ಆ ರಾತ್ರಿ ಒಂದೇ ಟಿಕೆಟಿನಲ್ಲಿ ಹತ್ತಾರು ಸಂಗ್ರಹಾಲಯಗಳನ್ನು ನೋಡಬಹುದು. ಹ್ಯಾನ್ಸ್ ಶಾರೂನ್ ಕಟ್ಟಿದ, 1963ರಲ್ಲಿ ತೆರೆದ ಫಿಲ್‌ಹಾರ್ಮನಿ ಸಭಾಂಗಣದಲ್ಲಿ ವಾದ್ಯವೃಂದದ ಸುತ್ತಲೂ ಗದ್ದೆಯ ಮೆಟ್ಟಿಲುಗಳಂತೆ ಜನ ಕುಳಿತು ಕೇಳುವ ಕಛೇರಿಯೂ ಹೌದು.

ಬೆಳಕಿಗೆ ಚರಿತ್ರೆಯ ನೆನಪೂ ಇರುತ್ತದೆ. 2013ರಲ್ಲಿ ಬಾಹ್ಯಾಕಾಶ ನಿಲ್ದಾಣದಿಂದ ಗಗನಯಾತ್ರಿ ಕ್ರಿಸ್ ಹ್ಯಾಡ್‌ಫೀಲ್ಡ್ ತೆಗೆದ ಚಿತ್ರದಲ್ಲಿ ರಾತ್ರಿಯ ಬರ್ಲಿನ್ ಎರಡು ಬಣ್ಣಗಳಲ್ಲಿತ್ತು. ಪೂರ್ವದ ಸೋಡಿಯಂ ದೀಪಗಳು ಹಳದಿ, ಪಶ್ಚಿಮದವು ಬಿಳಿಚು. ಗೋಡೆ ಬಿದ್ದು ಇಪ್ಪತ್ತಮೂರು ವರ್ಷವಾದರೂ ಬೀದಿದೀಪಗಳು ಅದನ್ನು ಮರೆತಿರಲಿಲ್ಲ.

ಇನ್ನೊಂದು ಸಂಗತಿ. ಹಲವು ಕ್ಲಬ್ಬುಗಳಲ್ಲಿ ಫೋಟೊ ತೆಗೆಯುವಂತಿಲ್ಲ. ಬಾಗಿಲಲ್ಲೇ ಮೊಬೈಲಿನ ಕ್ಯಾಮೆರಾಕ್ಕೆ ಸ್ಟಿಕ್ಕರ್ ಅಂಟಿಸುತ್ತಾರೆ. ಇದು ವಿದ್ಯಾರ್ಥಿಗೆ ವರವೇ ಸರಿ. ಹೆಜ್ಜೆಯಿಂದ ಅಳೆದು, ಕಣ್ಣಿನಿಂದ ನೋಡಿ, ಕೋಣೆಗೆ ಮರಳಿದ ಮೇಲೆ ನೆನಪಿನಿಂದ ನಕ್ಷೆ ಬರೆದು ನೋಡಬೇಕು. ನೆನಪಿನಲ್ಲಿ ಉಳಿಯದ ಮೂಲೆ ಸರಿಯಾಗಿ ನೋಡದ ಮೂಲೆ ಎಂದೇ ಅರ್ಥ.

ಅಭಿಮನ್ಯುವಿಗೆ ತಿಳಿಯದ ದಾರಿ

ನಾಲ್ಕನೆಯ ಪಾಠ ಎಲ್ಲಕ್ಕಿಂತ ಮುಖ್ಯವಾದದ್ದು. ಅದು ಬಾಗಿಲು.

2013ರ ಜನವರಿ 27ರಂದು ಬ್ರೆಜಿಲ್‌ನ ಸಾಂತಾ ಮರಿಯಾ ಎಂಬ ವಿಶ್ವವಿದ್ಯಾಲಯದ ಊರಿನಲ್ಲಿ ‘ಕಿಸ್’ ಎಂಬ ನೈಟ್‌ಕ್ಲಬ್ಬಿಗೆ ಬೆಂಕಿ ಬಿತ್ತು. 242 ಜನ ಸತ್ತರು. ಅವರಲ್ಲಿ ಹೆಚ್ಚಿನವರು ವಿದ್ಯಾರ್ಥಿಗಳು. ವೇದಿಕೆಯಲ್ಲಿ ಹಚ್ಚಿದ ಬಾಣಬಿರುಸಿನ ಕಿಡಿ, ಸದ್ದು ಹೊರಗೆ ಹೋಗದಿರಲೆಂದು ಚಾವಣಿಗೆ ಅಂಟಿಸಿದ್ದ ಫೋಮಿಗೆ ತಗುಲಿತು. ಪಾಲಿಯುರೆಥೇನ್ ಫೋಮು ಉರಿದರೆ ಇಂಗಾಲದ ಮಾನಾಕ್ಸೈಡಿನ ಜೊತೆ ಹೈಡ್ರೊಜನ್ ಸಯನೈಡೂ ಬರುತ್ತದೆ. ಹೆಚ್ಚಿನವರನ್ನು ಕೊಂದದ್ದು ಬೆಂಕಿಯಲ್ಲ, ಆ ಹೊಗೆ. ಹೊರಬರಲು ಇದ್ದ ಬಾಗಿಲು ಒಂದೇ. ನೆರೆಯವರ ನಿದ್ದೆಗಾಗಿ ಹಾಕಿದ ವಸ್ತು ಒಳಗಿದ್ದವರ ಪ್ರಾಣ ತೆಗೆಯಿತು. ಕಟ್ಟಡದ ಒಂದು ಸಮಸ್ಯೆಯನ್ನು ಮಾತ್ರ ಬಿಡಿಸಿ, ಉಳಿದವನ್ನು ಮರೆತರೆ ಆಗುವುದು ಇದೇ.

ಜನ ಸೇರುವ ಕಟ್ಟಡಗಳ ಬಗ್ಗೆ ಜರ್ಮನಿಯ ಮಾದರಿ ನಿಯಮಾವಳಿಯಲ್ಲಿ ಪ್ರತಿ 200 ಜನರಿಗೆ 1.2 ಮೀಟರ್ ಅಗಲದ ಹೊರದಾರಿ ಇರಬೇಕೆಂಬ ಲೆಕ್ಕವಿದೆ. ಓದುವಾಗ ಇದು ಒಣ ಅಂಕಿ. ಶನಿವಾರ ರಾತ್ರಿ ಕಿಕ್ಕಿರಿದ ಸಭಾಂಗಣದ ನಡುವೆ ನಿಂತು, ಸುತ್ತ ಎಷ್ಟು ಜನರಿದ್ದಾರೆ, ಹಸಿರು ದೀಪದ ಬಾಗಿಲು ಎಲ್ಲೆಲ್ಲಿದೆ ಎಂದು ನೋಡಿದವಳಿಗೆ ಅದೇ ಅಂಕಿ ಜೀವಂತವಾಗುತ್ತದೆ. ಮುಂದೆ ಅವಳು ಊರಿನಲ್ಲಿ ಕಲ್ಯಾಣಮಂಟಪ, ಚಿತ್ರಮಂದಿರ, ಶಾಲೆಗಳ ನಕ್ಷೆ ಬರೆಯುವಾಗ, ಎರಡನೆಯ ಬಾಗಿಲಿನ ಜಾಗದಲ್ಲಿ ಒಂದು ಅಂಗಡಿ ಮಾಡಿಕೊಡಿ ಎಂದು ಮಾಲೀಕ ಒತ್ತಾಯಿಸಿದರೆ, ಆಗುವುದಿಲ್ಲ ಎನ್ನುವ ಧೈರ್ಯ ಬರುವುದು ಇಂಥ ರಾತ್ರಿಗಳಿಂದಲೇ.

ಚಕ್ರವ್ಯೂಹದ ಕಥೆಯ ಸಾರವೂ ಇದೇ ಅಲ್ಲವೇ? ಅಭಿಮನ್ಯುವಿಗೆ ಧೈರ್ಯ ಕಡಿಮೆಯಿರಲಿಲ್ಲ, ವಿದ್ಯೆಯೂ ಕಡಿಮೆಯಿರಲಿಲ್ಲ. ಒಳಹೊಗುವ ದಾರಿ ಗೊತ್ತಿತ್ತು. ಹೊರಬರುವ ದಾರಿ ಗೊತ್ತಿರಲಿಲ್ಲ. ಕಟ್ಟಡಕ್ಕೆ ಹೇಳಿದ ಈ ಮಾತು ಬರ್ಲಿನ್‌ನ ರಾತ್ರಿಗೂ ಪೂರ್ತಿ ಸಲ್ಲುತ್ತದೆ.

ಮೂರು ಲೆಕ್ಕಗಳು

ರಾತ್ರಿಯಿಂದ ಹೊರಬರುವ ದಾರಿ ಎಂದರೆ ಬರಿಯ ಬಾಗಿಲಲ್ಲ. ಹೊರಡುವ ಮೊದಲೇ ಹಾಕಿಕೊಳ್ಳಬೇಕಾದ ಮೂರು ಲೆಕ್ಕಗಳು.

ಮೊದಲು ನಿದ್ದೆಯ ಲೆಕ್ಕ. ವಾಸ್ತುಶಿಲ್ಪದ ವಿದ್ಯಾರ್ಥಿಗಳು ಲೋಕದ ಎಲ್ಲೆಡೆಯೂ ರಾತ್ರಿಗಳ್ಳರೇ. ಮಾದರಿ ಮಾಡುವುದು, ನಕ್ಷೆ ಮುಗಿಸುವುದು, ಪ್ರಾಧ್ಯಾಪಕರ ಮುಂದೆ ಒಪ್ಪಿಸುವುದು ಇವೆಲ್ಲ ನಿದ್ದೆಯನ್ನು ತಿನ್ನುವ ಕೆಲಸಗಳು. ಸ್ಟುಡಿಯೊದ ರಾತ್ರಿಯೂ ಕ್ಲಬ್ಬಿನ ರಾತ್ರಿಯೂ ಒಂದೇ ಖಾತೆಯಿಂದ ಹಣ ತೆಗೆಯುತ್ತವೆ ಎಂಬುದನ್ನು ಹುಡುಗರು ಮರೆಯುತ್ತಾರೆ. ಎಚ್ಚರವಿದ್ದಷ್ಟು ಹೊತ್ತೂ ಮೆದುಳಿನಲ್ಲಿ ಅಡೆನೊಸಿನ್ ಎಂಬ ರಾಸಾಯನಿಕ ಕೂಡುತ್ತಾ ಹೋಗಿ ನಿದ್ದೆಯ ಒತ್ತಡ ಏರುತ್ತದೆ. ಕಾಫಿ ಆ ಅಡೆನೊಸಿನ್ ಕೂರುವ ಜಾಗವನ್ನು ತಾತ್ಕಾಲಿಕವಾಗಿ ಮುಚ್ಚುತ್ತದೆಯೇ ಹೊರತು ಸಾಲವನ್ನು ತೀರಿಸುವುದಿಲ್ಲ. 1997ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ‘ನೇಚರ್’ ಪತ್ರಿಕೆಯಲ್ಲಿ ಒಂದು ಪ್ರಯೋಗ ವರದಿ ಮಾಡಿದರು. ಸತತ 17 ಗಂಟೆ ಎಚ್ಚರವಿದ್ದವರ ಕೈಕಣ್ಣುಗಳ ಹೊಂದಾಣಿಕೆ, ರಕ್ತದಲ್ಲಿ ಶೇಕಡಾ 0.05 ಮದ್ಯವಿದ್ದವರ ಮಟ್ಟಕ್ಕೆ ಇಳಿದಿತ್ತು. ಇಡೀ ದಿನ ಎಚ್ಚರವಿದ್ದವರದು ಶೇಕಡಾ 0.10ರ ಮಟ್ಟಕ್ಕೆ. ಮಾದರಿಗೆ ರಟ್ಟು ಕತ್ತರಿಸುವ ಹರಿತವಾದ ಬ್ಲೇಡು ಬೆಳಗಿನ ಮೂರು ಗಂಟೆಗೆ ಅಂಥವರ ಕೈಯಲ್ಲಿರುತ್ತದೆ! ಸೋಮವಾರ ಮಾದರಿ ಒಪ್ಪಿಸಬೇಕಾದವರು ಶನಿವಾರ ರಾತ್ರಿ ಕೋಣೆಯಲ್ಲೇ ಇರಬೇಕು. ಇದು ನೀತಿಯ ಮಾತಲ್ಲ, ಬೆರಳುಗಳ ಮಾತು.

ಎರಡನೆಯದು ಕಿವಿಯ ಲೆಕ್ಕ. 85 ಡೆಸಿಬೆಲ್ ಸದ್ದನ್ನು ಎಂಟು ಗಂಟೆ ಕೇಳಬಹುದು ಎಂಬುದು ಒಪ್ಪಿತ ಮಿತಿಗಳಲ್ಲಿ ಒಂದು. ಪ್ರತಿ 3 ಡೆಸಿಬೆಲ್ ಏರಿದಾಗ ಶಬ್ದದ ಶಕ್ತಿ ಇಮ್ಮಡಿ, ಕೇಳಬಹುದಾದ ಅವಧಿ ಅರ್ಧ. 88ಕ್ಕೆ ನಾಲ್ಕು ಗಂಟೆ, 91ಕ್ಕೆ ಎರಡು. ಹೀಗೇ ಲೆಕ್ಕ ಹಾಕಿದರೆ 100 ಡೆಸಿಬೆಲ್‌ಗೆ ಕೇವಲ ಹದಿನೈದು ನಿಮಿಷ. ನೃತ್ಯದ ಅಂಗಳದಲ್ಲಿ ಆ ಮಟ್ಟ ಅಪರೂಪವಲ್ಲ. ಒಳಗಿವಿಯ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಚಿಗುರುವುದಿಲ್ಲ. ಕಿವಿಗೆ ಹಾಕಿಕೊಳ್ಳುವ ಪ್ಲಗ್ಗು ಬೆಲೆಯಲ್ಲಿ ಒಂದು ಕಾಫಿಗಿಂತ ಹೆಚ್ಚಲ್ಲ. ಗಂಟೆಗೊಮ್ಮೆ ಹೊರಗೆ ಬಂದು ನಿಲ್ಲಲು ಹಣವೇ ಬೇಡ.

ಮೂರನೆಯದು ಹಣದ ಲೆಕ್ಕ. ತಿಂಗಳಿಗೆ 992 ಯೂರೊ. ಬರ್ಲಿನ್‌ನಲ್ಲಿ ಒಂದು ಕೋಣೆಯ ಬಾಡಿಗೆಯೇ ಅನೇಕರಿಗೆ ಅದರಲ್ಲಿ ಅರ್ಧಕ್ಕೂ ಹೆಚ್ಚನ್ನು ನುಂಗುತ್ತದೆ. ಆರೋಗ್ಯ ವಿಮೆ, ಊಟ, ಮಾದರಿಯ ರಟ್ಟು, ಮುದ್ರಣದ ಖರ್ಚು ಕಳೆದು ಉಳಿಯುವುದು ಸ್ವಲ್ಪವೇ. ಪ್ರತಿ ವಾರ 30 ಯೂರೊ ರಾತ್ರಿಗೆ ಹೋದರೆ ತಿಂಗಳಿಗೆ 120. ಕೈಗೆ ಬಂದ ಹಣದ ಎಂಟನೆಯ ಒಂದು ಪಾಲು. ತಿಂಗಳಿಗೊಮ್ಮೆ ಹೋದರೆ ಅದು ಅನುಭವ, ವಾರವಾರವೂ ಹೋದರೆ ಅದು ಕಂತು. 2024ರ ತಿದ್ದುಪಡಿಯ ನಂತರ ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ಣ ದಿನ ಕೆಲಸ ಮಾಡಬಹುದು ಎಂಬುದು ನಿಜ. ಆದರೆ ಹಗಲು ಪಾಠ, ಸಂಜೆ ಕೆಲಸ, ರಾತ್ರಿ ಸ್ಟುಡಿಯೊ ಎಂದಾದರೆ ಮತ್ತೆ ಮೊದಲನೆಯ ಲೆಕ್ಕವೇ ತಪ್ಪುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ನಿದ್ದೆಗೂ ಸಲ್ಲುತ್ತದೆ, ಹಣಕ್ಕೂ ಸಲ್ಲುತ್ತದೆ.

ಇವುಗಳ ಜೊತೆ ಕೆಲವು ಸಣ್ಣ ಎಚ್ಚರಗಳು. ಶುಕ್ರವಾರ, ಶನಿವಾರದ ರಾತ್ರಿ ಬರ್ಲಿನ್‌ನ ನೆಲದಡಿಯ ರೈಲು ಬಹುತೇಕ ಮಾರ್ಗಗಳಲ್ಲಿ ಇಡೀ ರಾತ್ರಿ ಓಡುತ್ತದೆ, ಉಳಿದ ದಿನ ರಾತ್ರಿ ಬಸ್ಸು. ಮರಳುವ ದಾರಿಯನ್ನು ಹೊರಡುವಾಗಲೇ ನೋಡಿಟ್ಟುಕೊಳ್ಳಬೇಕು. ಹೋದವರೆಲ್ಲ ಒಟ್ಟಿಗೆ ಮರಳಬೇಕು, ಒಬ್ಬರನ್ನೂ ಬಿಟ್ಟು ಬರಬಾರದು. ಅಪರಿಚಿತರು ಕೊಟ್ಟ ಪಾನೀಯ ಬೇಡ. ತನ್ನ ಲೋಟದ ಮೇಲಿನ ಕಣ್ಣು ತೆಗೆಯುವುದೂ ಬೇಡ. ಕುಡಿಯದವರಿಗೆ ಅಲ್ಲಿ ಯಾರ ಒತ್ತಾಯವೂ ಇರಬೇಕಾಗಿಲ್ಲ. ಹಣ್ಣಿನ ರಸ ಹಿಡಿದು ಬೆಳಗಿನವರೆಗೆ ಕುಣಿಯುವವರೂ ಬರ್ಲಿನ್‌ನಲ್ಲಿ ಇದ್ದಾರೆ. 2024ರ ಏಪ್ರಿಲ್‌ನಿಂದ ಜರ್ಮನಿಯಲ್ಲಿ ವಯಸ್ಕರು ಸ್ವಲ್ಪ ಪ್ರಮಾಣದ ಗಾಂಜಾ ಇಟ್ಟುಕೊಳ್ಳುವುದು ಅಪರಾಧವಲ್ಲ. ಕಾನೂನು ಬಿಟ್ಟಿತೆಂದ ಮಾತ್ರಕ್ಕೆ ಮೆದುಳು ಬಿಡುವುದಿಲ್ಲ. ಪೊಲೀಸರಿಗೆ 110, ಆಂಬುಲೆನ್ಸಿಗೆ 112 ಎಂಬ ಎರಡು ಸಂಖ್ಯೆಗಳು ಬಾಯಿಪಾಠವಿರಲಿ. ಕ್ಲಬ್ಬಿನ ಬಾಗಿಲಲ್ಲಿ ಕಾವಲಿನವನು ಕಾರಣ ಹೇಳದೆ ಒಳಗೆ ಬಿಡದಿರುವುದೂ ಉಂಟು. ಅದನ್ನು ಮನಸ್ಸಿಗೆ ಹಚ್ಚಿಕೊಳ್ಳದೆ ಫಿಲ್‌ಹಾರ್ಮನಿಯ ಹೊರಗೋಡೆಯನ್ನಾದರೂ ನೋಡಿ ಕೋಣೆಗೆ ಮರಳಿದರೆ ನಷ್ಟವೇನೂ ಇಲ್ಲ.

ಮನೆಯವರಿಗೆ ಒಂದು ಮಾತು

ದೂರದಲ್ಲಿರುವ ಮಕ್ಕಳು ಎರಡು ರೀತಿಯಲ್ಲಿ ಕೆಡುತ್ತಾರೆ. ರಾತ್ರಿಯಲ್ಲೇ ಕಳೆದುಹೋಗುವವರು ಒಂದು ಬಗೆ. ಊರಿಗೇ ಬೆನ್ನು ತಿರುಗಿಸಿ, ಕೋಣೆಯ ಬಾಗಿಲು ಹಾಕಿಕೊಂಡು, ಕಂಪ್ಯೂಟರಿನ ಮುಂದೆ ಒಂಟಿಯಾಗಿ ಎರಡು ವರ್ಷ ಕಳೆದು ಪದವಿ ಹಿಡಿದು ಬರುವವರು ಇನ್ನೊಂದು ಬಗೆ. ಮೊದಲಿನವರ ನಷ್ಟ ಎಲ್ಲರ ಕಣ್ಣಿಗೆ ಬೀಳುತ್ತದೆ. ಎರಡನೆಯವರ ನಷ್ಟ ಅಂಕಪಟ್ಟಿಯ ಹಿಂದೆ ಅಡಗಿರುತ್ತದೆ. ಜನ ಹೇಗೆ ಸೇರುತ್ತಾರೆ, ಹೇಗೆ ನಲಿಯುತ್ತಾರೆ, ಹೇಗೆ ಚದುರುತ್ತಾರೆ ಎಂದು ನೋಡದವರು ಜನರಿಗಾಗಿ ಏನನ್ನು ಕಟ್ಟಿಯಾರು?

‘ಎಲ್ಲಿಗೆ ಹೋಗಿದ್ದೆ?’ ಎಂಬ ಪ್ರಶ್ನೆ ಪೊಲೀಸರದು. ಅದಕ್ಕೆ ಬರುವ ಉತ್ತರ ‘ಹೀಗೇ, ಫ್ರೆಂಡ್ಸ್ ಜೊತೆ’ ಎಂಬುದೇ. ‘ಏನು ನೋಡಿದೆ?’ ಎಂದು ಕೇಳಿದರೆ ಬೇರೆ ಉತ್ತರ ಬರಬಹುದು. ಮಕ್ಕಳಿಗೂ ಒಂದು ಕರ್ತವ್ಯವಿದೆ. ಸಾಲಕ್ಕೆ ಸಹಿ ಹಾಕಿ, ನಿದ್ದೆಗೆಟ್ಟು ಕುಳಿತವರಿಗೆ ನಿಜ ಹೇಳಬೇಕು. ಅಪ್ಪನಿಗೆ ಹೇಳಲಾಗದ ಜಾಗಕ್ಕೆ ಹೋಗುವಾಗ ಅದು ಏಕೆ ಹೇಳಲಾಗದು ಎಂದು ತಮ್ಮನ್ನೇ ಒಮ್ಮೆ ಕೇಳಿಕೊಳ್ಳಬೇಕು.

ಆ ಬೆಂಗಳೂರಿನ ಮನೆಗೆ ಮುಂದಿನ ವಾರ ಮಗಳದ್ದೇ ಫೋನು ಬರುತ್ತದೆ ಎಂದಿಟ್ಟುಕೊಳ್ಳಿ. ಈ ಸಲ ಅವಳು ಎಲ್ಲವನ್ನೂ ಹೇಳುತ್ತಾಳೆ. ವಿದ್ಯುತ್ ಸ್ಥಾವರದ ಎತ್ತರ, ಗೋಡೆಯ ದಪ್ಪ, ಎದೆಯೊಳಗೆ ಬಡಿಯುವ ಸದ್ದು, ಬೆಳಗಿನ ಐದಕ್ಕೆ ಗೆಳತಿಯರೊಡನೆ ರೈಲು ಹತ್ತಿ ಬಂದದ್ದು. ತಂದೆ ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕುತ್ತಾರೆ.

‘ಬಾಗಿಲು ಎಷ್ಟಿತ್ತಮ್ಮಾ?’

‘ನಾಲ್ಕು ನೋಡ್ದೆ ಅಪ್ಪ. ಎರಡು ನಮ್ಮ ಹತ್ರಾನೇ ಇತ್ತು.’

‘ಸರಿ. ಹೋಗಿ ಮಲಕ್ಕೊ’ ಎಂದು ಹೇಳಿ ತಂದೆ ತಾವೂ ಮಲಗಲು ಹೋಗುತ್ತಾರೆ.